ತಂದೆಯವರನ್ನು ಸಿಂಫನಿ ಕಛೇರಿಗೆ ಕರೆದೊಯ್ಯುವ ಮುನ್ನ

ಪ್ರಶ್ನೆ (ತೀರ್ಥಹಳ್ಳಿಯಿಂದ)

ಪ್ರವಾಸದಲ್ಲಿರುವ ವಿದೇಶಿ ವಾದ್ಯವೃಂದವೊಂದು ಮುಂದಿನ ತಿಂಗಳು ಬೆಂಗಳೂರಿನಲ್ಲಿ ಬೀಥೋವನ್‌ನ ಐದನೆಯ ಸಿಂಫನಿಯನ್ನು ನುಡಿಸಲಿದೆ. ನನ್ನ ತಂದೆಯವರು 40 ವರ್ಷ ಯಕ್ಷಗಾನದ ಬಡಗುತಿಟ್ಟಿನ ಮೇಳಗಳಲ್ಲಿ ಮದ್ದಳೆ ನುಡಿಸಿದವರು. ಈಗ ಅವರಿಗೆ 72 ವರ್ಷ. ಅಷ್ಟೂ ವಾದ್ಯಗಳನ್ನು ಒಮ್ಮೆಯಾದರೂ ಎದುರಿಗೆ ಕುಳಿತು ಕೇಳಬೇಕೆಂದು ಅವರಾಗಿಯೇ ಹೇಳಿದ್ದಾರೆ. ಶಿವಮೊಗ್ಗದಿಂದ ರೈಲು ಹಿಡಿದು ಹೋಗಿಬರುವುದು ನಮಗೆ ಕಷ್ಟವಲ್ಲ. ಆದರೆ ಎಲ್ಲಿ ಕುಳಿತರೆ ಚೆನ್ನ, ಚಪ್ಪಾಳೆ ಯಾವಾಗ ತಟ್ಟಬೇಕು, ಏನನ್ನು ಗಮನಿಸಬೇಕು ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ (ಸಾಗರದಿಂದ)

ಖಂಡಿತ ಕರೆದುಕೊಂಡು ಹೋಗಿ. 2006ರಲ್ಲಿ ಆರಂಭವಾದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾವನ್ನು ನಾನು ಮುಂಬೈಯಲ್ಲಿ ಕೇಳಿದ್ದೇನೆ. ಮೈಕಿನ ಹಂಗಿಲ್ಲದೆ, ಹತ್ತಾರು ಪಿಟೀಲುಗಳು ಒಂದೇ ಉಸಿರಿನಲ್ಲಿ ಎದ್ದು ಬಂದಾಗ ಆದ ಅನುಭವ ಯಾವ ಧ್ವನಿಮುದ್ರಣದಲ್ಲಿಯೂ ನನಗೆ ಸಿಕ್ಕಿಲ್ಲ. ದುಬಾರಿಯೆಂಬ ಕಾರಣಕ್ಕೆ ಮೊದಲ ಸಾಲು ಒಳ್ಳೆಯದೆಂದು ಭಾವಿಸಬೇಡಿ. ಅಲ್ಲಿ ಮುಂದಿನ ತಂತಿವಾದ್ಯಗಳಷ್ಟೇ ಕಿವಿ ತುಂಬುತ್ತವೆ, ಹಿಂದಿನ ಊದುವ ವಾದ್ಯಗಳು ಕಣ್ಣಿಗೂ ಬೀಳುವುದಿಲ್ಲ. ಸಭಾಂಗಣದ ನಡುಭಾಗ ಅಥವಾ ಬಾಲ್ಕನಿಯ ಮುಂದಿನ ಸಾಲು ಆರಿಸಿಕೊಳ್ಳಿ. ಆರಂಭಕ್ಕೆ ಮುಂಚೆಯೇ ಒಳಗಿರಿ, ಏಕೆಂದರೆ ಓಬೋ ಎಂಬ ವಾದ್ಯವು ಒಂದು ಸ್ವರವನ್ನು ಹಿಡಿದು ನಿಲ್ಲಿಸುತ್ತದೆ, ಉಳಿದವರೆಲ್ಲರೂ ಅದಕ್ಕೆ ತಮ್ಮ ವಾದ್ಯಗಳನ್ನು ಹೊಂದಿಸಿಕೊಳ್ಳುತ್ತಾರೆ. ಮೇಳದಲ್ಲಿ ಹಿಂದೆ ಪುಂಗಿ ಮಾಡುತ್ತಿದ್ದ ಕೆಲಸವೇ ಅದು. ನಿಮ್ಮ ತಂದೆಯವರಿಗೆ ವಿವರಿಸುವ ಅಗತ್ಯವೇ ಬೀಳದು.

ಉತ್ತರ (ಶಿವಮೊಗ್ಗದಿಂದ)

ನಾನು ಪಿಟೀಲು ಕಲಿಸುವವನು. ಈ ಕೃತಿಗೆ ನಾಲ್ಕು ಭಾಗಗಳಿವೆ, ಒಟ್ಟು ಸುಮಾರು ಅರ್ಧ ಗಂಟೆಗಿಂತ ಸ್ವಲ್ಪ ಹೆಚ್ಚು. ಭಾಗಗಳ ನಡುವೆ ಚಪ್ಪಾಳೆ ತಟ್ಟದಿರುವುದು ಇಂದಿನ ವಾಡಿಕೆ. ವಾದ್ಯವೃಂದವನ್ನು ಕೈಸನ್ನೆಯಿಂದ ನಡೆಸುವ ನಿರ್ದೇಶಕರು ಕೈ ಇಳಿಸಿ ಸಭೆಯತ್ತ ತಿರುಗುವವರೆಗೆ ಕಾದರೆ ತಪ್ಪಾಗುವುದಿಲ್ಲ. ಇದು ಮೊದಲಿನಿಂದ ಇದ್ದ ಕಟ್ಟಳೆಯೇನಲ್ಲ. 1813ರಲ್ಲಿ ಬೀಥೋವನ್‌ನ ಏಳನೆಯ ಸಿಂಫನಿಯ ಮೊದಲ ಪ್ರದರ್ಶನದಲ್ಲಿ ಅದರ ಎರಡನೆಯ ಭಾಗವನ್ನು ಜನ ಅಲ್ಲಿಯೇ ಮತ್ತೊಮ್ಮೆ ನುಡಿಸಿಸಿದ್ದರು. ಆದ್ದರಿಂದ ಮೆಚ್ಚುಗೆ ತಡೆಯಲಾರದೆ ತಂದೆಯವರು ಎಲ್ಲಾದರೂ ಕೈ ತಟ್ಟಿದರೆ ನೀವು ಸಂಕೋಚಪಡಬೇಡಿ.

ಅವರಿಗೆ ಒಂದು ವಿಷಯವನ್ನು ಮಾತ್ರ ಮೊದಲೇ ತಿಳಿಸಿ. ಹಿಂದಿನ ಸಾಲಿನಲ್ಲಿರುವ ಟಿಂಪನಿ ಎಂಬ ಎರಡು ದೊಡ್ಡ ಚರ್ಮವಾದ್ಯಗಳನ್ನು ಈ ಕೃತಿಯಲ್ಲಿ ನಮ್ಮ ಲೆಕ್ಕದಲ್ಲಿ ಷಡ್ಜ ಮತ್ತು ಪಂಚಮಕ್ಕೆ ಶ್ರುತಿ ಮಾಡಿರುತ್ತಾರೆ. ಮೂರನೆಯ ಭಾಗದ ಕೊನೆಯಲ್ಲಿ ಎಲ್ಲವೂ ಪಿಸುಮಾತಿನಷ್ಟಕ್ಕೆ ಇಳಿದು, ತಂತಿವಾದ್ಯಗಳು ಸ್ವರ ಹಿಡಿದು ನಿಂತಿರುವಾಗ, ಟಿಂಪನಿ ಒಂದೇ ಷಡ್ಜದ ಮೇಲೆ ಮೆಲ್ಲನೆ ಬಡಿಯುತ್ತಾ ಹೋಗುತ್ತದೆ. ಅಲ್ಲಿಂದ ನಡುವೆ ವಿರಾಮವಿಲ್ಲದೆ ಶಬ್ದ ಏರಿ ನಾಲ್ಕನೆಯ ಭಾಗ ಒಡೆದುಕೊಂಡಾಗ, ಅದುವರೆಗೆ ಸುಮ್ಮನೆ ಕುಳಿತಿದ್ದ ಮೂವರು ಟ್ರಾಂಬೋನ್ ವಾದಕರು ಮೊದಲ ಬಾರಿಗೆ ಊದುತ್ತಾರೆ. ಕರುಣೆಯ ಪದ್ಯ ಮದ್ದಳೆಯಲ್ಲಿ ಸಾಗಿ, ವೀರರಸಕ್ಕೆ ಚಂಡೆ ಎದ್ದುಬರುವುದನ್ನು ಬಲ್ಲ ಕಿವಿ ಈ ಹೊರಳನ್ನು ಬೇರೆಯವರಿಗಿಂತ ಮೊದಲು ಗುರುತಿಸುತ್ತದೆ.

ಉತ್ತರ (ಕೊಪ್ಪದಿಂದ)

ಈ ಸಂಗೀತ ನಮ್ಮದಲ್ಲವೆಂದು ಅವರು ಹಿಂಜರಿದರೆ ಮೈಸೂರಿನ ಮಾತು ಹೇಳಿ. ಜರ್ಮನ್ ಸಂಗೀತ ರಚನಕಾರ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಗೀತೆಗಳು 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲು ಪ್ರದರ್ಶನಗೊಂಡದ್ದು ಜಯಚಾಮರಾಜೇಂದ್ರ ಒಡೆಯರ ಧನಸಹಾಯದಿಂದ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಬಾಲ್ಕನಿಯಲ್ಲಿ ಎರಡು ಟಿಕೆಟ್ ಕಾಯ್ದಿರಿಸಿದ್ದೇನೆ. ಟಿಂಪನಿಯ ವಿಷಯ ಹೇಳಿದೆ. ಚರ್ಮಕ್ಕೆ ಯಾವ ಬಗೆಯಲ್ಲಿ ಬಿಗಿ ಕೊಡುತ್ತಾರೆಂದು ತಂದೆಯವರು ಬೆಳಗಿನಿಂದ ಕೇಳುತ್ತಿದ್ದಾರೆ. ಪಿಟೀಲು ಗುರುಗಳು ಅದನ್ನೂ ದಯವಿಟ್ಟು ತಿಳಿಸಿಕೊಡಬೇಕು.

ಉತ್ತರ (ಶಿವಮೊಗ್ಗದಿಂದ)

ಇಂದಿನ ಟಿಂಪನಿಗಳಲ್ಲಿ ಸಾಮಾನ್ಯವಾಗಿ ಕಾಲಿನ ಕೆಳಗೆ ಪೆಡಲ್ ಇರುತ್ತದೆ. ಅದನ್ನು ಒತ್ತಿದಂತೆ ಮುಚ್ಚಿಗೆಯ ಬಿಗಿ ಬದಲಾಗಿ ಸ್ವರ ಏರಿಳಿಯುತ್ತದೆ. ಬೀಥೋವನ್‌ನ ಕಾಲದಲ್ಲಿ ಅಂಚಿನ ಸುತ್ತಲಿನ ತಿರುಪುಗಳನ್ನು ಕೈಯಿಂದ ತಿರುಗಿಸಿ ಹೊಂದಿಸುತ್ತಿದ್ದರು. ವಾದಕರು ಕಿವಿಯನ್ನು ಮುಚ್ಚಿಗೆಯ ಹತ್ತಿರಕ್ಕೆ ಬಾಗಿಸಿ ಬೆರಳಿನಿಂದ ಮೆಲ್ಲನೆ ತಟ್ಟಿ ನೋಡುವುದನ್ನು ಬಾಲ್ಕನಿಯಿಂದ ಅವರಿಗೆ ತೋರಿಸಿ.