ಮದ್ರಾಸಿನ ಲೈಬ್ರರಿ: ಅಜ್ಜ ಹೇಳುತ್ತಿದ್ದದ್ದು ಯಾವ ಕಟ್ಟಡ?

ಕುಂಬಳೆ ಓದುಗಿ:
ನನ್ನ ಅಜ್ಜ 1940ರ ಸುಮಾರಿಗೆ ಮದ್ರಾಸಿನಲ್ಲಿ ಬಿ.ಎ. ಆನರ್ಸ್ ಓದಿದವರು. ಆಗ ನಮ್ಮ ಕಾಸರಗೋಡು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡದಲ್ಲಿತ್ತಲ್ವಾ. ಸಮುದ್ರದ ಹತ್ತಿರ ಒಂದು ಲೈಬ್ರರಿ, ಒಳಗೆ ಹೋಗಿ ನಾವೇ ಪುಸ್ತಕ ತೆಗೆಯಬಹುದಿತ್ತು ಅಂತ ಕೊನೆಯವರೆಗೂ ಹೇಳುತ್ತಿದ್ದರು. ಮುಂದಿನ ತಿಂಗಳು ತಂಗಿಯನ್ನು ಕಾಲೇಜಿಗೆ ಸೇರಿಸಲು ಚೆನ್ನೈಗೆ ಹೋಗುತ್ತಿದ್ದೇನೆ. ಅದು ಎಗ್ಮೋರಿನ ಕನ್ನೆಮರಾ ಲೈಬ್ರರಿಯೇ? ನಾವೇ ಪುಸ್ತಕ ತೆಗೆಯುವುದು ಅಷ್ಟು ದೊಡ್ಡ ವಿಷಯವಾಗಿತ್ತಾ?

ಉಪ್ಪಳ ಅಣ್ಣ:
ಕನ್ನೆಮರಾ ಅಲ್ಲ. ಅದು 1896ರದ್ದು, ಬಣ್ಣದ ಗಾಜು, ತೇಗದ ಕೆಲಸ, ನೋಡಲು ಬಹಳ ಚಂದ. ಆದರೆ ಸಮುದ್ರ ದೂರ.

ಪೆರ್ಲ ಮಾಷ್ಟ್ರು:
ತಂಗೀ, ನಿಮ್ಮಜ್ಜ ಹೇಳಿದ್ದು ಚೇಪಾಕಿನ ಮದ್ರಾಸ್ ಯೂನಿವರ್ಸಿಟಿ ಲೈಬ್ರರಿ. ಮರೀನಾ ಬೀಚಿನ ಎದುರಿಗೇ. ಮೊದಲು ಈ ಲೈಬ್ರರಿ ಕನ್ನೆಮರಾದೊಳಗೇ ಇತ್ತು, ಆಮೇಲೆ ಚೇಪಾಕಿಗೆ ಬಂತು, 1936ರಲ್ಲಿ ಸ್ವಂತ ಕಟ್ಟಡ ಆಯಿತು. ನಿಮ್ಮಜ್ಜ ಹೋಗುವಾಗ ಅದು ಹೊಸತು.

ನಾನು ಇಲ್ಲೇ ಒಂದು ಕಾಲೇಜು ಲೈಬ್ರರಿಯಲ್ಲಿ 29 ವರ್ಷ ಕೆಲಸ ಮಾಡಿದವನು. ಆ ಕಾಲದಲ್ಲಿ ಹೆಚ್ಚಿನ ಕಡೆ ಚೀಟಿ ಬರೆದು ಕೊಟ್ಟು ಬೆಂಚಿನಲ್ಲಿ ಕೂತಿರಬೇಕಿತ್ತು. ಪ್ಯೂನ್ ತಂದದ್ದೇ ಪುಸ್ತಕ. ಪಕ್ಕದಲ್ಲಿ ಏನಿತ್ತು ಅಂತ ಗೊತ್ತೇ ಆಗುತ್ತಿರಲಿಲ್ಲ. ಇದನ್ನು ಬದಲಿಸಿದವರು ಎಸ್. ಆರ್. ರಂಗನಾಥನ್. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದವರು, 1924ರಲ್ಲಿ ಈ ಯೂನಿವರ್ಸಿಟಿಯ ಲೈಬ್ರರಿಯನ್ ಆದರು. ಪುಸ್ತಕ ಇರುವುದು ಬಳಸಲಿಕ್ಕೆ, ಇದು ಅವರ ಮೊದಲ ಸೂತ್ರ.

ಆ ಮಾತು ಹಿಡಿದರೆ ಕಟ್ಟಡವೂ ಬದಲಾಗಬೇಕು, ನೋಡಿ. ಕಪಾಟು ನೆಲದಲ್ಲಿ ನಿಂತೇ ಕೈಗೆ ಎಟುಕಬೇಕು, ಏಣಿ ಬೇಡ. ಎರಡು ಸಾಲಿನ ನಡುವಿನ ದಾರಿಗೆ ನೇರವಾಗಿ ಕಿಟಕಿ ಬೇಕು. ಕಪಾಟಿನ ಬೆನ್ನಿಗೆ ಕಿಟಕಿ ಬಂದರೆ ಬೆಳಕು ಅಲ್ಲೇ ಸತ್ತಿತು. ನಮ್ಮ ಲೈಬ್ರರಿಯಲ್ಲಿ ಹಾಗೇ ಆಗಿತ್ತು. ಮಳೆಗಾಲದಲ್ಲಿ ಹಗಲು ಹೊತ್ತೇ ಟಾರ್ಚ್ ಹಿಡಿದು ಚೀಟಿ ಓದುತ್ತಿದ್ದೆ. ಕೊನೆಗೆ ರಜೆಯಲ್ಲಿ ನಾಲ್ಕು ಹುಡುಗರನ್ನು ಕರೆದು ಸಾಲುಗಳನ್ನೇ ಅಡ್ಡ ತಿರುಗಿಸಿದೆ. ಮರುದಿನ ಬೆಳಿಗ್ಗೆ ಬಾಗಿಲು ತೆಗೆದಾಗ ಪುಸ್ತಕದ ಬೆನ್ನಿನ ಅಕ್ಷರ ಬಾಗಿಲಿನಿಂದಲೇ ಕಾಣುತ್ತಿತ್ತು. ಆ ಖುಷಿ ಈಗಲೂ ಇದೆ.

ಇನ್ನೊಂದು ವಿಷಯ. ಕಿಟ್ಟೆಲರ ಕನ್ನಡ ನಿಘಂಟನ್ನು ಪರಿಷ್ಕರಿಸಿ ನಾಲ್ಕು ಸಂಪುಟಗಳಲ್ಲಿ ತಂದದ್ದು ಇದೇ ಯೂನಿವರ್ಸಿಟಿ. 1967ರ ತುಳು-ಇಂಗ್ಲಿಷ್ ನಿಘಂಟೂ ಅಲ್ಲಿಯದೇ. ಎರಡರಲ್ಲೂ ಮರಿಯಪ್ಪ ಭಟ್ಟರ ಕೆಲಸ ಇದೆ. ನಮ್ಮ ಭಾಷೆಗೂ ಆ ಜಾಗಕ್ಕೂ ನಂಟು ಇದೆ ಅಂತ ಹೇಳಿದೆ. ಮೇಲ್ ರೈಲಿನಲ್ಲಿ ಹೋದರೆ ಚೆನ್ನೈ ಸೆಂಟ್ರಲ್‌ನಲ್ಲಿ ಇಳಿದು, ಪಾರ್ಕ್ ಟೌನಿಗೆ ನಡೆದು, ಲೋಕಲ್ ಟ್ರೇನ್ ಹಿಡಿದು ಚೇಪಾಕ್. ಒಳಗೆ ಬಿಡುತ್ತಾರಾ ಅಂತ ಮೊದಲೇ ಫೋನ್ ಮಾಡಿ ಕೇಳಿ.

ಕುಂಬಳೆ ಓದುಗಿ:
ಮಾಷ್ಟ್ರೇ, ಓದಿ ಕಣ್ಣು ತುಂಬಿ ಬಂತು. ಅಜ್ಜನ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಪೆನ್ಸಿಲಿನಲ್ಲಿ ಏನೋ ಬರೆದಿದೆ. ಇಂಗ್ಲಿಷಿನ 'ವಿ', ಆಮೇಲೆ ಅಂಕಿ, ನಡುವೆ ಒಂದರ ಮೇಲೊಂದು ಎರಡು ಚುಕ್ಕೆ. ಸೈಕಲ್ ನಂಬರೋ ಏನೋ ಅಂದುಕೊಂಡಿದ್ದೆ.

ಪೆರ್ಲ ಮಾಷ್ಟ್ರು:
ಅದು ಪುಸ್ತಕದ ನಂಬರ್, ತಂಗೀ. ಪುಸ್ತಕಗಳನ್ನು ವಿಷಯದ ಪ್ರಕಾರ ವಿಂಗಡಿಸಲು ರಂಗನಾಥನ್ 1933ರಲ್ಲಿ ಪ್ರಕಟಿಸಿದ ಕೋಲನ್ ಪದ್ಧತಿ. ಆ ಎರಡು ಚುಕ್ಕೆಯಿಂದಲೇ ಆ ಹೆಸರು. 'ಓ' ಇದ್ದರೆ ಸಾಹಿತ್ಯ, 'ವಿ' ಅಂದರೆ ಇತಿಹಾಸ. ಆ ಪುಟದ ಫೋಟೋ ತೆಗೆದು ಕೈಯಲ್ಲಿ ಇಟ್ಟುಕೊಂಡೇ ಹೋಗಿ. ಕೌಂಟರಿನಲ್ಲಿ ತೋರಿಸಿ, ಆ ಸಾಲು ಎಲ್ಲಿದೆ ಅಂತ ಕೇಳಿ.