ಐಸ್ ಪ್ಲಾಂಟ್ ಸರ್ವರ್‌ನ ನೆಟ್‌ವರ್ಕ್ ಪದೇ ಪದೇ ಕಟ್ ಆಗ್ತಿದೆ, ಎಲ್ಲಿಂದ ಹುಡುಕಬೇಕು?

ಬಂದರು_ಕಾರವಾರ

ಎಲ್ಲರಿಗೂ ನಮಸ್ಕಾರ. ಕಾರವಾರದ ಬೈತಖೋಲ ಬಂದರಿನ ಹತ್ತಿರ ಒಂದು ಐಸ್ ಪ್ಲಾಂಟ್‌ನ ಲೆಕ್ಕದ ಸರ್ವರ್ ನಾನು ನೋಡಿಕೊಳ್ಳುತ್ತೇನೆ. ಉಬುಂಟು 22.04, ಮಾನಿಟರ್ ಇಲ್ಲದ ಸಣ್ಣ ಡಬ್ಬಿ. ಬೋಟಿನವರ ಐಸ್ ಬಿಲ್, ಉದ್ರಿ ಖಾತೆ ಎಲ್ಲಾ ಇದರಲ್ಲೇ ಇದೆ. ಸರ್ವರ್ ಆಫೀಸ್ ಕೋಣೆಯಲ್ಲಿದೆ, ಸ್ವಿಚ್ಚು ಮತ್ತು ರೌಟರ್ ಕೌಂಟರ್ ಹತ್ತಿರ. ನಡುವಿನ ಕೇಬಲ್ ಕಂಪ್ರೆಸರ್ ಇರುವ ಕೋಣೆ ದಾಟಿ ಬರುತ್ತದೆ.

ಸಮಸ್ಯೆ ಇಷ್ಟು. ಎಸ್‌ಎಸ್‌ಎಚ್‌ನಲ್ಲಿ, ಅಂದರೆ ಬೇರೆ ಕಂಪ್ಯೂಟರಿನಿಂದ ಸರ್ವರ್‌ಗೆ ಲಾಗಿನ್ ಆಗಿ, ಟೈಪ್ ಮಾಡುತ್ತಾ ಇದ್ದರೆ ಇದ್ದಕ್ಕಿದ್ದಂತೆ ನಿಲ್ಲುತ್ತದೆ, ಆಮೇಲೆ ಹೊಡೆದ ಅಕ್ಷರ ಎಲ್ಲಾ ಒಟ್ಟಿಗೆ ಬಂದು ಬೀಳುತ್ತದೆ. ಕೆಲವು ಸಲ ಕನೆಕ್ಷನ್ನೇ ಹೋಗುತ್ತದೆ. ಬೆಳಗಿನ ಜಾವ ಬೋಟಿನವರು ಐಸ್ ತುಂಬಿಸಿಕೊಳ್ಳಲು ಸಾಲು ನಿಂತಾಗಲೇ ಬಿಲ್ ಆಗುವುದಿಲ್ಲ. ಕೌಂಟರಿನಲ್ಲಿ ಕೂತ ಹುಡುಗ ಪಾಪ ಎಲ್ಲರ ಬೈಗುಳ ತಿನ್ನುತ್ತಾನೆ. ನೆಟ್‌ವರ್ಕ್ ಸರ್ವಿಸ್ ರೀಸ್ಟಾರ್ಟ್ ಮಾಡಿದರೆ ಸ್ವಲ್ಪ ಹೊತ್ತು ಸರಿ ಇರುತ್ತದೆ. ಇಂಟರ್‌ನೆಟ್ ಕೊಡುವವರು ಬಂದು ರೌಟರ್ ಬದಲಿಸಿ ಹೋದರು, ಏನೂ ವ್ಯತ್ಯಾಸ ಇಲ್ಲ. ಜೂನ್, ಜುಲೈನಲ್ಲಿ ಮೀನುಗಾರಿಕೆ ಬಂದ್ ಇದ್ದಾಗ ಒಂದು ದೂರೂ ಇರಲಿಲ್ಲ, ಆಗಸ್ಟ್‌ನಲ್ಲಿ ಬೋಟ್ ಇಳಿದ ಮೇಲೆ ಶುರುವಾಗಿದೆ. ಲೋಡ್ ಜಾಸ್ತಿಯಾಗಿ ಹೀಗಾಯ್ತಾ ಅಂತ ಟಾಪ್ ಕಮಾಂಡಿನಲ್ಲಿ ನೋಡಿದರೆ ಸಿಪಿಯು ಸುಮ್ಮನೆ ಕೂತಿದೆ. ಕರ್ನೆಲ್ ಅಪ್‌ಗ್ರೇಡ್ ಮಾಡಲಾ? ಅಥವಾ ನೆಟ್‌ವರ್ಕ್ ಕಾರ್ಡೇ ಬದಲಿಸಬೇಕಾ?

ವಖಾರಿ_ಶಿರಸಿ

ಈಗಲೇ ಏನನ್ನೂ ಬದಲಿಸಬೇಡಿ. ಮೊದಲು ತೊಂದರೆ ಕಟ್ಟಡದ ಒಳಗಿದೆಯಾ ಹೊರಗಿದೆಯಾ ತಿಳಿಯಬೇಕು. ಸರ್ವರ್‌ನಿಂದ ಎರಡು ಪಿಂಗ್ (ಆ ಕಡೆಯಿಂದ ಉತ್ತರ ಬರುತ್ತದಾ ನೋಡುವ ಕಮಾಂಡ್) ಒಟ್ಟಿಗೆ ಓಡಿಸಿ, ಒಂದು ರೌಟರ್‌ನ ಐಪಿಗೆ, ಇನ್ನೊಂದು ಹೊರಗಿನ ಇಂಟರ್‌ನೆಟ್‌ನಲ್ಲಿರುವ ಗೂಗಲ್‌ನ 8.8.8.8ಕ್ಕೆ. ಅದನ್ನು ಟಿಮಕ್ಸ್ (ಲಾಗಿನ್ ಕಟ್ ಆದರೂ ಕಮಾಂಡ್ ಓಡುತ್ತಲೇ ಇರುವಂತೆ ಮಾಡುವ ಪ್ರೋಗ್ರಾಂ) ಒಳಗೆ ಹಾಕಿ ಬಿಡಿ, ಇಲ್ಲದಿದ್ದರೆ ಎಸ್‌ಎಸ್‌ಎಚ್ ಕಟ್ ಆದಾಗ ಪಿಂಗೂ ನಿಲ್ಲಬಹುದು. ರೌಟರ್‌ವರೆಗಿನದ್ದೇ ಬೀಳುತ್ತಿದ್ದರೆ ಇಂಟರ್‌ನೆಟ್ ಕೊಡುವವರು ಹತ್ತು ರೌಟರ್ ತಂದಿಟ್ಟರೂ ಸರಿಯಾಗುವುದಿಲ್ಲ.

ಆಮೇಲೆ ಐಪಿ ಲಿಂಕ್ ಕಮಾಂಡಿಗೆ ಮೈನಸ್ ಎಸ್ ಎರಡು ಸಲ ಕೊಟ್ಟು ನೋಡಿ. ಒಂದು ಸಲ ಕೊಟ್ಟರೆ ಒಟ್ಟು ಎರರ್ ಮಾತ್ರ ಕಾಣುತ್ತದೆ, ಎರಡು ಸಲ ಕೊಟ್ಟರೆ ಅದರಲ್ಲಿ ಸಿಆರ್‌ಸಿ (ಬಂದ ಡೇಟಾ ಕೆಟ್ಟಿದೆಯಾ ತಿಳಿಸುವ ತಾಳೆ ಲೆಕ್ಕ) ಎಷ್ಟು, ಫ್ರೇಮ್ ಎಷ್ಟು ಅಂತ ಬಿಡಿಸಿ ತೋರಿಸುತ್ತದೆ. ಈಗ ಒಮ್ಮೆ ಬರೆದಿಟ್ಟುಕೊಳ್ಳಿ, ನಾಳೆ ಬೆಳಿಗ್ಗೆ ಮತ್ತೆ ನೋಡಿ. ಕೊನೆಗೆ ಜರ್ನಲ್‌ಸಿಟಿಎಲ್ ಮೈನಸ್ ಕೆ ಹೊಡೆದು ಕರ್ನೆಲ್ ಲಾಗ್‌ನಲ್ಲಿ ಲಿಂಕ್ ಡೌನ್, ಲಿಂಕ್ ಅಪ್ ಅನ್ನುವ ಸಾಲುಗಳನ್ನು ಹುಡುಕಿ. ಅದರ ಗಂಟೆ ನಿಮಿಷ ಬಹಳ ಮುಖ್ಯ. ಅಲ್ಲಿಯವರೆಗೆ ರೀಸ್ಟಾರ್ಟ್ ಮಾಡಬೇಡಿ, ಲಿಂಕ್ ಹೊಸದಾಗಿ ಕೂಡಿಕೊಂಡು ಎಲ್ಲಾ ಸರಿ ಇದ್ದಂತೆ ಕಾಣುತ್ತದೆ.

ಟರ್ಮಿನಲ್_ಕುಮಟಾ

ಒಂದೇ ಐಪಿ ಎರಡು ಕಡೆ ಇದೆಯಾ ಅದನ್ನೂ ನೋಡಿಬಿಡಿ. ಕ್ಯಾಮೆರಾ ಹಾಕುವವರು ಡಿವಿಆರ್‌ಗೆ (ರೆಕಾರ್ಡ್ ಮಾಡುವ ಡಬ್ಬಿಗೆ) ಕೈಗೆ ಬಂದ ನಂಬರ್ ಕೊಟ್ಟು ಹೋಗಿರುತ್ತಾರೆ. ಎಆರ್‌ಪಿಂಗ್ ಕಮಾಂಡಿಗೆ ದೊಡ್ಡ ಡಿ ಆಪ್ಶನ್ ಹಾಕಿ ಸರ್ವರ್‌ನದೇ ಐಪಿ ಕೇಳಿದರೆ ಬೇರೆ ಯಾರಾದರೂ ಉತ್ತರ ಕೊಡುತ್ತಾರಾ ಅಂತ ಗೊತ್ತಾಗುತ್ತದೆ. ಇನ್ನೊಂದು, ಕರೆಂಟ್ ಉಳಿಸುವ ಇಇಇ ಸೌಲಭ್ಯದಿಂದ ಕೆಲವು ಕಾರ್ಡ್ ಮತ್ತು ಸ್ವಿಚ್ ಜೋಡಿ ಸರಿ ಹೊಂದುವುದಿಲ್ಲ. ಎಥ್‌ಟೂಲ್ ಕಮಾಂಡಿನಲ್ಲಿ ಅದನ್ನು ಆಫ್ ಮಾಡಿ ನೋಡಬಹುದು.

ಬಂದರು_ಕಾರವಾರ

ನೋಡಿದೆ. ರೌಟರ್‌ವರೆಗಿನ ಪಿಂಗೇ ಬೀಳುತ್ತಿದೆ. ಬಿದ್ದಿದ್ದು ಬಿಟ್ಟರೆ ಉಳಿದದ್ದೆಲ್ಲಾ ಒಂದು ಮಿಲಿಸೆಕೆಂಡಿನ ಒಳಗೆ ವಾಪಸ್ ಬರುತ್ತದೆ, ಅದೇ ವಿಚಿತ್ರ. ಒಂದೇ ಐಪಿ ಎರಡು ಕಡೆ ಇಲ್ಲ. ಇಇಇ ಆಫ್ ಮಾಡಿದರೂ ಹಾಗೇ. ಸಿಆರ್‌ಸಿ ಎರರ್ ರಾತ್ರಿ ಇದ್ದದ್ದು ಬೆಳಿಗ್ಗೆಗೆ ತುಂಬಾ ಏರಿದೆ. ಲಾಗ್‌ನಲ್ಲಿ ಲಿಂಕ್ ಡೌನ್ ಅಂತ ಬಂದು ಕೆಲವು ಸೆಕೆಂಡ್ ಆದ ಮೇಲೆ ಅಪ್ ಆಗುತ್ತದೆ. ಹೆಚ್ಚಾಗಿ 1000 ಎಂಬಿಪಿಎಸ್ ಅಂತ ಬರುತ್ತದೆ, ಆದರೆ ಒಮ್ಮೊಮ್ಮೆ 100ಕ್ಕೆ ಕೂತುಬಿಡುತ್ತದೆ.

ಹೊನ್ನಾವರ_ಕೇಬಲ್

ಅಣ್ಣಾ, ಸಿಆರ್‌ಸಿ ಏರುತ್ತಿದೆ ಅಂದ ಮೇಲೆ ಕರ್ನೆಲ್, ಡ್ರೈವರ್ ಕಡೆ ಹೋಗಬೇಡಿ. ಸ್ವಿಚ್ಚಿನಿಂದ ಹೊರಟ ಫ್ರೇಮ್ (ಡೇಟಾದ ಒಂದು ಕಟ್ಟು) ದಾರಿಯಲ್ಲಿ ಕೆಟ್ಟು ಬಂದಿದೆ, ಕಾರ್ಡು ಲೆಕ್ಕ ಹಾಕಿ ನೋಡಿ ತಾಳೆಯಾಗದೆ ಎಸೆದಿದೆ, ಅಷ್ಟೇ ಅದರ ಅರ್ಥ. ಸರ್ವರ್‌ನಿಂದ ಹೊರಟದ್ದರಲ್ಲಿ ಎಷ್ಟು ಕೆಟ್ಟಿದೆ ಅನ್ನುವುದು ಸ್ವಿಚ್ಚಿಗೆ ಮಾತ್ರ ಗೊತ್ತು, ಸಾದಾ ಸ್ವಿಚ್ಚು ಅದನ್ನು ಹೇಳುವುದಿಲ್ಲ. ಹಾಗಾಗಿ ನಿಮಗೆ ಕಾಣುತ್ತಿರುವುದು ಅರ್ಧ ನಷ್ಟ. ಇನ್ನು 1000ಕ್ಕೆ ನಾಲ್ಕೂ ಜೋಡಿ ತಂತಿ ಬೇಕು, 100ಕ್ಕೆ ಎರಡೇ ಜೋಡಿ ಸಾಕು. ಉಳಿದ ಎರಡರಲ್ಲಿ ಒಂದು ಕೈಕೊಟ್ಟರೆ ಹಲವು ಕಾರ್ಡ್‌ಗಳು ತಾವೇ 100ಕ್ಕೆ ಇಳಿಯುತ್ತವೆ. ನಿಮ್ಮಲ್ಲಿ ಆಗುತ್ತಿರುವುದು ಅದೇ ಅನಿಸುತ್ತದೆ.

ಕೇಬಲ್ಲಿನ ಎರಡೂ ತುದಿ ಕಿತ್ತು ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ಕನೆಕ್ಟರಿನ ಎಂಟು ಹಲ್ಲು ಹಳದಿ ಹೊಳೆಯಬೇಕು. ಕರಾವಳಿಯ ಉಪ್ಪುಗಾಳಿಗೆ ಅವು ಮಂಕಾಗಿ, ಬುಡದಲ್ಲಿ ಹಸಿರು ಪುಡಿ ಕೂತಿರುತ್ತದೆ. ನಿಮ್ಮಲ್ಲಿ ಅದಕ್ಕಿಂತ ದೊಡ್ಡ ಶತ್ರು ಇದೆ. ಕಂಪ್ರೆಸರ್ ಅಮೋನಿಯಾದ್ದಲ್ವಾ? ತೇವ ಇರುವಲ್ಲಿ ಅಮೋನಿಯಾ ತಾಮ್ರವನ್ನೂ ಹಿತ್ತಾಳೆಯನ್ನೂ ತಿಂದುಹಾಕುತ್ತದೆ, ಅದಕ್ಕೇ ಆ ಪ್ಲಾಂಟ್‌ಗಳ ಪೈಪು ತಾಮ್ರದ್ದು ಇರುವುದಿಲ್ಲ, ಉಕ್ಕಿನದ್ದು. ತಂತಿಯ ಸಿಪ್ಪೆ ಒಂದಿಂಚು ಸುಲಿದು ನೋಡಿ, ತಾಮ್ರ ಕಪ್ಪು ಅಥವಾ ನೀಲಿ ಹಸಿರಾಗಿದ್ದರೆ ಹೊಸ ಕನೆಕ್ಟರ್ ಹಾಕಿ ಉಪಯೋಗ ಇಲ್ಲ, ಕೇಬಲ್ಲೇ ಹೊಸದು ಎಳೆಯಬೇಕು. ಅಂಥದ್ದು ಕಂಡರೆ ಪ್ಲಾಂಟ್ ಆಪರೇಟರ್‌ಗೆ ಕೂಡಲೇ ಹೇಳಿ. ಎಲ್ಲೋ ಸಣ್ಣ ಸೋರಿಕೆ ಇರಬಹುದು. ಅಲ್ಲಿ ಕೆಲಸ ಮಾಡುವವರ ಉಸಿರಿನ ಪ್ರಶ್ನೆ ಅದು, ನೆಟ್‌ವರ್ಕ್ ಆಮೇಲೆ ನೋಡೋಣ.

ಆದರೆ ಲಿಂಕ್ ಪೂರ್ತಿ ಡೌನ್ ಆಗುವುದಕ್ಕೆ ಬೇರೆ ಕಾರಣವೂ ಇರಬಹುದು. ಜೂನ್ ಜುಲೈನಲ್ಲಿ ಸರಿ ಇತ್ತು ಅಂದಿರಿ. ಆಗ ಕಂಪ್ರೆಸರ್ ಓಡುತ್ತಿರಲಿಲ್ಲ ಅಲ್ವಾ? ಕಂಪ್ರೆಸರ್ ಚಾಲೂ ಆದ ಹೊತ್ತು ಆಪರೇಟರ್ ಪುಸ್ತಕದಲ್ಲಿ ಬರೆಯುತ್ತಿದ್ದರೆ ಜರ್ನಲ್ ಜೊತೆ ಹೋಲಿಸಿ. ಅಷ್ಟು ದೊಡ್ಡ ಮೋಟಾರ್ ಎತ್ತಿಕೊಳ್ಳುವಾಗ ವೋಲ್ಟೇಜ್ ಕುಸಿಯುತ್ತದೆ. ಸರ್ವರ್ ಯುಪಿಎಸ್ ಮೇಲಿರುತ್ತದೆ, ಸ್ವಿಚ್ಚಿನ ಸಣ್ಣ ಅಡಾಪ್ಟರ್ ಮಾತ್ರ ಗೋಡೆಯ ಪ್ಲಗ್ಗಿನಲ್ಲಿ ಇರುತ್ತದೆ. ಸ್ವಿಚ್ಚು ಒಮ್ಮೆ ಸತ್ತು ಎದ್ದರೆ ಅದಕ್ಕೆ ಹಾಕಿದ ಎಲ್ಲಾ ಕಂಪ್ಯೂಟರಿನ ಲಿಂಕೂ ಒಂದೇ ಕ್ಷಣಕ್ಕೆ ಹೋಗುತ್ತದೆ. ಸರ್ವರ್‌ನದು ಮಾತ್ರ ಹೋಗಿದ್ದರೆ ಕೇಬಲ್, ಎಲ್ಲರದ್ದೂ ಹೋಗಿದ್ದರೆ ಕರೆಂಟ್.

ಬಂದರು_ಕಾರವಾರ

ನೀವು ಇಲ್ಲೇ ಬಂದು ನೋಡಿದ ಹಾಗೆ ಹೇಳಿದಿರಿ. ಆಪರೇಟರ್ ಪುಸ್ತಕದ ಹೊತ್ತಿಗೂ ಲಿಂಕ್ ಡೌನ್ ಆದ ಹೊತ್ತಿಗೂ ಸರಿಯಾಗಿ ಕೂಡುತ್ತದೆ, ಕೌಂಟರ್ ಕಂಪ್ಯೂಟರಿನ ಲಾಗ್‌ನಲ್ಲೂ ಅದೇ ನಿಮಿಷ. ಸ್ವಿಚ್ಚು ಗೋಡೆಯ ಪ್ಲಗ್ಗಿನಲ್ಲೇ ಇತ್ತು. ಸ್ವಿಚ್ಚು, ರೌಟರ್ ಎರಡನ್ನೂ ಯುಪಿಎಸ್‌ಗೆ ಹಾಕಿಸಿದ ಮೇಲೆ ಲಿಂಕ್ ಬಿದ್ದಿಲ್ಲ.

ಸಿಆರ್‌ಸಿ ಮಾತ್ರ ನಿಂತಿಲ್ಲ. ಸ್ವಿಚ್ ಕಡೆಯ ಕನೆಕ್ಟರ್ ಚೆನ್ನಾಗಿದೆ, ಕಂಪ್ರೆಸರ್ ಕೋಣೆಯ ಗೋಡೆಯಲ್ಲಿ ಒಂದು ಜೋಡಣೆ ಡಬ್ಬಿ ಇದೆ, ಅದರೊಳಗಿನ ತಂತಿ ಮುಟ್ಟಿದರೆ ಹಸಿರು ಪುಡಿ ಉದುರುತ್ತದೆ. ಆಪರೇಟರ್‌ಗೆ ತೋರಿಸಿದೆ. ಅವರು ಗಂಧಕದ ಬತ್ತಿ ಹಚ್ಚಿ ಪೈಪಿನ ಉದ್ದಕ್ಕೂ ನೋಡಿದರು, ಒಂದು ವಾಲ್ವ್ ಹತ್ತಿರ ಬಿಳಿ ಹೊಗೆ ಬಂತು, ಅಂದರೆ ಅಲ್ಲಿ ಅಮೋನಿಯಾ ಸೋರುತ್ತಿತ್ತು. ಈಗ ಅದನ್ನು ಬಿಗಿ ಮಾಡಿದ್ದಾರೆ. ಹೊಸ ಕೇಬಲ್ ಎಳೆಯಲೇಬೇಕು, ಬೇರೆ ದಾರಿಯೂ ಇಲ್ಲ, ಕಂಪ್ರೆಸರ್ ಕೋಣೆ ದಾಟಿಯೇ ಬರಬೇಕು. ಏನು ಹಾಕಲಿ?

ವಖಾರಿ_ಶಿರಸಿ

ಆ ಕೋಣೆಗೆ ತಾಮ್ರವೇ ಬೇಡ, ಬೆಳಕಿನ ಮೂಲಕ ಸಿಗ್ನಲ್ ಒಯ್ಯುವ ಫೈಬರ್ ಹಾಕಿ. ಅಮೋನಿಯಾಗೆ ಅದರಲ್ಲಿ ತಿನ್ನಲು ತಾಮ್ರವೇ ಇಲ್ಲ, ಮೋಟಾರ್ ವೈರಿನ ಪಕ್ಕದಲ್ಲೇ ಹೋದರೂ ಸಿಗ್ನಲ್ ಕೆಡುವುದಿಲ್ಲ. ನಮ್ಮ ಅಡಿಕೆ ವಖಾರಿಯಲ್ಲಿ ಎರಡು ಕಟ್ಟಡದ ನಡುವೆ ಇದನ್ನೇ ಎಳೆದಿದ್ದೇವೆ, ಇಲ್ಲಿ ಸಿಡಿಲಿನ ಭಯ ಜಾಸ್ತಿ. ಒಳಗೆ ಉಕ್ಕಿನ ತಂತಿ ಇಲ್ಲದ ಕೇಬಲ್ಲೇ ಕೇಳಿ ತೆಗೆದುಕೊಳ್ಳಿ. ಎರಡು ತುದಿಗೆ ಗಿಗಾಬಿಟ್ ಮೀಡಿಯಾ ಕನ್ವರ್ಟರ್ (ಫೈಬರನ್ನು ಮಾಮೂಲಿ ನೆಟ್‌ವರ್ಕ್ ಕೇಬಲ್ಲಿಗೆ ಜೋಡಿಸುವ ಡಬ್ಬಿ) ಸಾಕು, ಅವು ಕಂಪ್ರೆಸರ್ ಕೋಣೆಯ ಹೊರಗೇ ಇರಲಿ, ಎರಡಕ್ಕೂ ಯುಪಿಎಸ್ ಕರೆಂಟೇ ಕೊಡಿ.

ಕೊಳ್ಳುವಾಗ ಒಂದು ಗಮನ ಇರಲಿ. ಒಂದೇ ಎಳೆಯ ಮೇಲೆ ಓಡುವ ಕನ್ವರ್ಟರ್ ಜೋಡಿಯಾಗಿ ಬರುತ್ತದೆ. ಒಂದು 1310 ನ್ಯಾನೋಮೀಟರ್ ತರಂಗದ ಬೆಳಕಿನಲ್ಲಿ ಕಳಿಸಿ 1550ರಲ್ಲಿ ಕೇಳುತ್ತದೆ, ಇನ್ನೊಂದು ಅದಕ್ಕೆ ತಿರುಗಾ. ಅಂಗಡಿಯವರು ಎರಡೂ ಒಂದೇ ತರಹದ್ದು ಕೊಟ್ಟರೆ ಲಿಂಕ್ ಹತ್ತುವುದೇ ಇಲ್ಲ, ಡಬ್ಬಿ ಮೇಲೆ ಎ ಮತ್ತು ಬಿ ಅಂತ ಇದೆಯಾ ನೋಡಿಯೇ ದುಡ್ಡು ಕೊಡಿ.