ಮೇದೋಜೀರಕ ಗ್ರಂಥಿಯನ್ನು ಪೂರ್ತಿ ತೆಗೆಸಿದ ಮೇಲೆ: ಮನೆಯವರ ಅನುಭವ

ಪ್ರಶ್ನೆ, ಶಿರಸಿಯಿಂದ:
ನನ್ನ ತಂದೆಯವರಿಗೆ 62 ವರ್ಷ. ಮೇದೋಜೀರಕ ಗ್ರಂಥಿಯಲ್ಲಿ (ಪ್ಯಾಂಕ್ರಿಯಾಸ್) ಕ್ಯಾನ್ಸರ್ ಇದೆ, ಗ್ರಂಥಿಯನ್ನು ಪೂರ್ತಿ ತೆಗೆಯಬೇಕಾಗಬಹುದು ಎಂದು ವೈದ್ಯರು ಹೇಳಿದ್ದಾರೆ. ಅದಿಲ್ಲದೆ ಬದುಕುವುದು ಹೇಗೆ, ಮನೆಯಲ್ಲಿ ನಾವು ಏನೇನು ಕಲಿತಿರಬೇಕು? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಕುಮಟಾದಿಂದ:
ನನ್ನ ಯಜಮಾನರಿಗೆ ನಾಲ್ಕು ವರ್ಷಗಳ ಹಿಂದೆ ಇದೇ ಶಸ್ತ್ರಚಿಕಿತ್ಸೆ ಆಯಿತು. ಈಗ ಅವರು ಬೆಳಿಗ್ಗೆ ತೋಟಕ್ಕೆ ಹೋಗಿ ಬರುತ್ತಾರೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಆದರೆ ಆ ಗ್ರಂಥಿ ಇಷ್ಟು ವರ್ಷ ತಾನಾಗಿಯೇ ಮಾಡಿಕೊಂಡು ಬಂದಿದ್ದ ಎರಡು ಕೆಲಸಗಳನ್ನು, ಅಂದರೆ ರಕ್ತದ ಸಕ್ಕರೆಯನ್ನು ಹದದಲ್ಲಿಡುವುದನ್ನೂ ಉಂಡದ್ದನ್ನು ಅರಗಿಸುವ ರಸ ಒದಗಿಸುವುದನ್ನೂ, ಇನ್ನು ಮನೆಯವರೇ ಹೊತ್ತುಹೊತ್ತಿಗೆ ನೋಡಿಕೊಳ್ಳಬೇಕು.

ಇದು ನಾವು ಊರಿನಲ್ಲಿ ಕಂಡಿರುವ ಸಕ್ಕರೆ ಕಾಯಿಲೆಯಂತಲ್ಲ. ಇನ್ಸುಲಿನ್ ಹೋದ ಹಾಗೆಯೇ, ಸಕ್ಕರೆ ಕುಸಿದಾಗ ಅದನ್ನು ಮೇಲೆತ್ತುವ ಗ್ಲುಕಗಾನ್ ಎಂಬ ಹಾರ್ಮೋನು ಕೂಡ ಗ್ರಂಥಿಯ ಜೊತೆಗೇ ಹೋಗಿರುತ್ತದೆ. ಆದ್ದರಿಂದ ಇಳಿಯತೊಡಗಿದ ಸಕ್ಕರೆ ಬಹಳ ಬೇಗ ಇಳಿಯುತ್ತದೆ. ಮನೆಗೆ ಬಂದು ಒಂಬತ್ತನೆಯ ರಾತ್ರಿ, ಮೂರು ಗಂಟೆಯ ಹೊತ್ತಿಗೆ ನನಗೆ ಎಚ್ಚರವಾದಾಗ ಅವರ ಬನಿಯನ್ನು ಬೆವರಿನಿಂದ ತೊಯ್ದಿತ್ತು, ಮಾತು ತೊದಲುತ್ತಿತ್ತು, ಮೀಟರು 44 ತೋರಿಸಿತು. ನುಂಗುವಷ್ಟು ಎಚ್ಚರವಿದ್ದುದರಿಂದ ಮೂರು ಚಮಚ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕದಡಿ ಕುಡಿಸಿದೆ; ಹದಿನೈದು ನಿಮಿಷ ಬಿಟ್ಟು ನೋಡಿದಾಗ 81 ಇತ್ತು. ರಾತ್ರಿ ಅವರು ನಾಲ್ಕೇ ಚಮಚ ಗಂಜಿ ಉಂಡಿದ್ದರು, ನಾನು ಮಾತ್ರ ಇನ್ಸುಲಿನ್ನನ್ನು ಚೀಟಿಯಲ್ಲಿ ಬರೆದಷ್ಟೇ ಕೊಟ್ಟಿದ್ದೆ. ಊಟ ಕಡಿಮೆಯಾದ ದಿನ ಎಷ್ಟು ಇಳಿಸಬೇಕು ಎಂಬುದನ್ನು ಆಸ್ಪತ್ರೆ ಬಿಡುವ ಮೊದಲೇ ಬರೆಸಿಕೊಳ್ಳಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಬೇಕು.

ಎರಡನೆಯದು ಜೀರ್ಣದ ಕ್ಯಾಪ್ಸೂಲು. ನಾವು ಎರಡು ತಿಂಗಳು ಅದನ್ನು ಬೇರೆ ಮಾತ್ರೆಗಳಂತೆ ಊಟವಾದ ಮೇಲೆ ಕೊಟ್ಟೆವು. ಮಲ ಎಣ್ಣೆಯಂತೆ ತೇಲುತ್ತಿತ್ತು, ಕೆಟ್ಟ ವಾಸನೆ ಬರುತ್ತಿತ್ತು, ಮೈತೂಕ ಇಳಿಯುತ್ತಲೇ ಹೋಯಿತು. ನೆಂಟರ ಮಾತು ಕೇಳಿ ತೆಂಗಿನಕಾಯಿ, ತುಪ್ಪ ಎಲ್ಲವನ್ನೂ ನಿಲ್ಲಿಸಿದೆವು. ಅವರು ಇನ್ನಷ್ಟು ಸೊರಗಿದರು. ಆಹಾರತಜ್ಞೆ ತಿಳಿಸಿದ ಮೇಲೆ ಮೊದಲ ತುತ್ತಿನೊಂದಿಗೆ ಒಂದು, ಊಟದ ನಡುವೆ ಒಂದು ಎಂದು ಕೊಡಲು ಶುರುಮಾಡಿದೆವು. ನಮಗೆ ಹೇಳಿದ್ದು ಊಟಕ್ಕೆ 50,000 ಯೂನಿಟ್, ತಿಂಡಿಗೆ ಅಥವಾ ಒಂದು ಲೋಟ ಹಾಲಿಗೆ 25,000. ನಿಮ್ಮ ಲೆಕ್ಕವನ್ನು ವೈದ್ಯರೇ ಹೇಳಬೇಕು. ಕಾಯಿಹಾಲಿನ ಪಾಯಸ ಮಾಡಿದ ದಿನ ಇನ್ನೂ ಹೆಚ್ಚು ಬೇಕಾಗುತ್ತದೆ. ಈ ಕ್ಯಾಪ್ಸೂಲಿನ ಕಿಣ್ವವನ್ನು ಹಂದಿಯ ಮೇದೋಜೀರಕ ಗ್ರಂಥಿಯಿಂದ ತೆಗೆಯುತ್ತಾರೆ. ನಿಮ್ಮದು ಸಸ್ಯಾಹಾರಿ ಮನೆಯಾದರೆ ತಂದೆಯವರಿಗೆ ಅದನ್ನು ಮುಚ್ಚಿಡದೆ ಮೊದಲೇ ಹೇಳಿ, ಅವರ ಮನಸ್ಸು ಒಪ್ಪಿಸಿ. ನಡುವೆ ತಿಳಿದು ಬಿಟ್ಟುಬಿಟ್ಟರೆ ತಿಂದದ್ದು ಮೈಗೆ ಹತ್ತುವುದಿಲ್ಲ.

ಹಲವರಿಗೆ ಗುಲ್ಮವನ್ನೂ, ಅಂದರೆ ಸೋಂಕಿನಿಂದ ಕಾಪಾಡಲು ನೆರವಾಗುವ ಸ್ಪ್ಲೀನ್ ಎಂಬ ಅಂಗವನ್ನೂ, ತೆಗೆಯುತ್ತಾರೆ. ಹಾಗಿದ್ದರೆ ನ್ಯುಮೋಕಾಕಸ್, ಮೆನಿಂಜೊಕಾಕಸ್ ಮುಂತಾದ ಲಸಿಕೆಗಳನ್ನು ಸಾಧ್ಯವಾದರೆ ಶಸ್ತ್ರಚಿಕಿತ್ಸೆಗೆ ಎರಡು ವಾರ ಮೊದಲೇ ಹಾಕಿಸಬೇಕು. ಮುಂದೆ ಮಳೆಗಾಲದಲ್ಲಿ ಜ್ವರ ಬಂದರೆ ಕಷಾಯ ಕುಡಿದು ಎರಡು ದಿನ ನೋಡೋಣ ಎನ್ನುವ ನಮ್ಮ ರೂಢಿ ಇಂಥವರಿಗೆ ಅಪಾಯ. ಅದೇ ದಿನ ವೈದ್ಯರಲ್ಲಿಗೆ ಹೋಗಿ.

ಕಾರವಾರದಿಂದ:
ಮೇಲಿನ ಅಕ್ಕ ಬರೆದದ್ದನ್ನು ಓದಿ ಕಣ್ಣು ತುಂಬಿತು. ನನ್ನ ಅಣ್ಣನಿಗೆ ಆದದ್ದು ವಿಪಲ್ ಶಸ್ತ್ರಚಿಕಿತ್ಸೆ: ಗ್ರಂಥಿಯ ತಲೆಭಾಗ, ಸಣ್ಣ ಕರುಳಿನ ಮೊದಲ ಭಾಗ, ಪಿತ್ತಕೋಶ ಇವನ್ನು ತೆಗೆದು ಉಳಿದ ಗ್ರಂಥಿಯನ್ನು ಕರುಳಿಗೆ ಜೋಡಿಸಿದರು. ಅವನಿಗೆ ಕ್ಯಾಪ್ಸೂಲು ಬೇಕು, ಇನ್ಸುಲಿನ್ ಬೇಕಾಗಿಲ್ಲ. ಆದ್ದರಿಂದ ಪೂರ್ತಿ ತೆಗೆಯುವುದು ಏಕೆ ಅನಿವಾರ್ಯ ಎಂದು ನೇರವಾಗಿ ಕೇಳಿ; ಗಡ್ಡೆ ಗ್ರಂಥಿಯ ಉದ್ದಕ್ಕೂ ಹರಡಿದ್ದರೆ ಅದು ನ್ಯಾಯವಾದ ಕಾರಣ. ವರ್ಷಕ್ಕೆ ಇಂಥ ಎಷ್ಟು ಶಸ್ತ್ರಚಿಕಿತ್ಸೆ ಮಾಡುತ್ತಾರೆ ಎಂಬುದನ್ನೂ, ಕೀಮೊ ಮೊದಲೋ ಆಮೇಲೋ ಎಂಬುದನ್ನೂ ಕೇಳಲು ಸಂಕೋಚ ಬೇಡ. ಹೆಚ್ಚು ಮಾಡುವ ಕಡೆ ತೊಡಕು ಕಡಿಮೆ, ಹಾಗಾಗಿ ನಮ್ಮ ಕಡೆಯವರು ಮಣಿಪಾಲ, ಮಂಗಳೂರು, ಹುಬ್ಬಳ್ಳಿಗೆ ಹೋಗುವುದು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಸಿಗುತ್ತದೆ. ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವನ್ನು ಹೊರಡುವ ಮೊದಲೇ ಮಾಡಿಸಿಟ್ಟುಕೊಳ್ಳಿ. ನಾವು ಅದಿಲ್ಲದೆ ಹೋಗಿ, ಅಣ್ಣನನ್ನು ಅಲ್ಲಿನ ಬೆಂಚಿನ ಮೇಲೆ ಮಲಗಿಸಿ, ಒಂದು ಸಹಿಗಾಗಿ ಮರುದಿನ ಕಾರವಾರಕ್ಕೆ ವಾಪಸು ಬಂದಿದ್ದೆವು.